ಎರೆಯುವ ಗದಿಗೆಮ್ಮ ಮತ್ತು ಒಕ್ಕಣ್ಣಿ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನಮ್ಮ ಯಜಮಾನರು ಮದುವೆಯಾದಾಗಿನಿಂದ ಹೇಳುತ್ತ ಬಂದಿದ್ದಾರೆ. ಇರಲಿ ಬಿಡಿ. ಗದಿಗೆಮ್ಮನ ವಿಷಯವನ್ನು ಸಿಟ್ಟಿಲ್ಲದೆ ಹೇಳುವುದು ನನ್ನಿಂದಾಗದು. ಸಮಾಧಾನದಿಂದ ಹೇಳುವವರು ಬೇಕಿದ್ದರೆ ನಮ್ಮ ಅಪಾರ್ಟ್‌ಮೆಂಟ್ ಟವರಿನ ಆಫೀಸಿಗೆ ಹೋಗಿ ಕೇಳಿ. ಅಲ್ಲಿ ಎಸಿಯ ಕೆಳಗೆ ಕೂತವರು, ಎಲ್ಲವೂ ಸಿಸ್ಟಮ್ ಪ್ರಕಾರವೇ ನಡೆಯಿತು ಎಂದು ನಗುತ್ತ ಹೇಳುತ್ತಾರೆ. ನಡೆದದ್ದೂ ಹಾಗೆಯೇ. ನನ್ನ ಹೊಟ್ಟೆ ಉರಿಯುವುದು ಅದಕ್ಕೇ.

ಗದಿಗೆಮ್ಮ ಕೂಸುಗಳಿಗೆ ಎಣ್ಣೆ ಹಚ್ಚಿ ನೀರು ಎರೆಯುವವಳು. ಯಾದಗಿರಿ ಸೀಮೆಯ ಗುರುಮಠಕಲ್ ಹತ್ತಿರದ ಹಳ್ಳಿಯವಳು. ಮಾದಾಪುರದಲ್ಲಿ ಗಾಜಿನ ಕಟ್ಟಡಗಳು ಏಳತೊಡಗಿದ ಕಾಲದಲ್ಲಿ ಗಂಡ ಬಂಡೆಪ್ಪನ ಜೊತೆ ಕಾಂಕ್ರೀಟು ಹೊರಲು ಹೈದರಾಬಾದಿಗೆ ಬಂದಳು. ಮಗಳು ಭಾಗ್ಯಶ್ರೀಯನ್ನು ಹಳೆ ಸೀರೆಯ ಜೋಳಿಗೆಯಲ್ಲಿ ತೂಗಿಬಿಟ್ಟು ಬುಟ್ಟಿ ಹೊತ್ತಳು. ಒಂದು ಮಳೆಗಾಲ ಬಂಡೆಪ್ಪ ಕಾಮಾಲೆಯಿಂದ ತೀರಿಕೊಂಡ. ಊರಿಗೆ ಹೋದರೆ ಕೂಡಿಸಿ ಉಣಿಸುವವರು ಯಾರಿದ್ದರು? ಇಲ್ಲೇ ಉಳಿದಳು. ಕೂಲಿಕಾರರ ಶೆಡ್ಡುಗಳಲ್ಲಿ ಹುಟ್ಟಿದ ಕೂಸುಗಳಿಗೆಲ್ಲ ಅವಳೇ ಎರೆಯುತ್ತಿದ್ದಳು. ಅವಳ ಅಜ್ಜಿಯಿಂದ ಬಂದ ಕೈ. ಅದನ್ನು ಕಂಡ ಒಬ್ಬ ಕನ್ನಡದ ಸೂಪರ್‌ವೈಜರ್ ತನ್ನ ಬಾಣಂತಿ ಹೆಂಡತಿಯ ಹತ್ತಿರ ಕರೆದೊಯ್ದ. ಆ ಮನೆಯಿಂದ ಇನ್ನೊಂದು ಮನೆ, ಅಲ್ಲಿಂದ ಮತ್ತೊಂದು. ಹೀಗೆ ಬುಟ್ಟಿ ಇಳಿಯಿತು, ಎಣ್ಣೆ ಬಟ್ಟಲು ಕೈಗೆ ಬಂತು.

ಅವಳು ಎರೆಯುವುದನ್ನು ನೀವು ನೋಡಬೇಕಿತ್ತು. ನೋಡಬೇಕಿತ್ತು ಎನ್ನುತ್ತೇನೆ, ಆದರೆ ಅವಳು ನೋಡಗೊಡುತ್ತಿರಲಿಲ್ಲ. ಮಣೆಯ ಮೇಲೆ ಕೂತು ಎರಡೂ ಕಾಲು ನೀಡಿ, ಅವುಗಳ ಮೇಲೆ ಕೂಸನ್ನು ಬೋರಲು ಹಾಕಿಕೊಂಡಳೆಂದರೆ ಬಾಗಿಲಲ್ಲಿ ಯಾರೂ ನಿಲ್ಲುವ ಹಾಗಿಲ್ಲ. ಹಡೆದ ತಾಯಿಯನ್ನೂ ಆಚೆ ಕಳಿಸುತ್ತಿದ್ದಳು. ಎಣ್ಣೆ ಹಚ್ಚಿದ ಬರಿಮೈ ಕೂಸನ್ನು ನೋಡಿದರೆ ದೃಷ್ಟಿಯಾಗುತ್ತದೆ, ಕಣ್ಣಿಗೆ ಕಲ್ಲೂ ಸಿಡಿಯುತ್ತದೆ, ಇನ್ನು ಕೂಸು ಯಾವ ಲೆಕ್ಕ ಎಂಬುದು ಅವಳ ಮಾತು. "ನಿಮ್ಮ ಕಣ್ಣು ಕೆಟ್ಟದಂತ ಅಲ್ರಿ ಅಕ್ಕಾರ, ಪ್ರೀತಿ ಕಣ್ಣೇ ಭಾಳ ತಾಕತೈತಿ" ಎಂದು ನನ್ನನ್ನೂ ನಯವಾಗಿ ಹೊರದಬ್ಬುತ್ತಿದ್ದಳು. ನಾನು ಇದನ್ನೆಲ್ಲ ನಂಬುವವಳಲ್ಲ. ಆದರೂ ಹೊರಗೆ ಹೋಗುತ್ತಿದ್ದೆ. ಅವಳ ಕೈಯಿಂದ ಎರೆಸಿಕೊಂಡ ಕೂಸು ಮಧ್ಯಾಹ್ನದವರೆಗೆ ಮಿಸುಕದೆ ಮಲಗುತ್ತಿತ್ತು.

ನಮ್ಮ ಎದುರು ಫ್ಲಾಟಿನಲ್ಲಿ ಸಂಯುಕ್ತಾ, ಸೂರಜ್ ಇದ್ದಾರೆ. ಅವಳು ಹುಬ್ಬಳ್ಳಿಯವಳು, ಅವನು ಬೆಳಗಾವಿಯವನು, ಇಬ್ಬರೂ ಸಾಫ್ಟ್‌ವೇರ್ ಕೆಲಸದಲ್ಲಿ. ನಮ್ಮವರು ರಕ್ಷಣಾ ಕಾರ್ಖಾನೆಯಿಂದ ನಿವೃತ್ತರಾದ ಮೇಲೆ ಸಿಕಂದರಾಬಾದಿನ ಕ್ವಾರ್ಟರ್ಸ್ ಬಿಟ್ಟು ಈ ಟವರಿಗೆ ಬಂದಾಗ, ಇಡೀ ಅಂತಸ್ತಿನಲ್ಲಿ ಕನ್ನಡ ಕೇಳಿದ್ದು ಆ ಮನೆಯಿಂದ ಮಾತ್ರ. ಅವರಿಗೆ ಹೆಣ್ಣು ಕೂಸಾಯಿತು. ಚಿನ್ನಿ ಎಂದು ಕರೆಯುತ್ತಿದ್ದರು. ಸಂಯುಕ್ತಾಳ ತಾಯಿ ಬಾಣಂತನ ಮುಗಿಸಿ ಊರಿಗೆ ಹೊರಟಾಗ ಗದಿಗೆಮ್ಮನನ್ನು ಕರೆತಂದು ಬಿಟ್ಟವಳು ನಾನು. ಚಿನ್ನಿಗೆ ಅವಳ ಧ್ವನಿ ಕೇಳಿದರೆ ಸಾಕು, ತೊಟ್ಟಿಲಲ್ಲಿ ಕಾಲು ಬಡಿಯುತ್ತಿತ್ತು.

ಸಂಯುಕ್ತಾಳ ರಜೆ ಮುಗಿಯಿತು. ಮನೆಯಲ್ಲಿ ಇಡೀ ದಿನ ಗದಿಗೆಮ್ಮ, ಚಿನ್ನಿ ಇಬ್ಬರೇ. ಸೂರಜ್ ಒಂದು ಶನಿವಾರ, ಭಾನುವಾರ ಕೂತು ಮನೆಗೆಲ್ಲ ಕಂಪ್ಯೂಟರ್ ಜೋಡಿಸಿದ. ಬಾಯಲ್ಲಿ ಹೇಳಿದರೆ ದೀಪ ಹತ್ತುತ್ತಿತ್ತು, ಪರದೆ ತಾನೇ ಸರಿಯುತ್ತಿತ್ತು, ಮುಂಬಾಗಿಲು ಅವರಿಬ್ಬರ ಫೋನಿಗೆ ತೆರೆಯುತ್ತಿತ್ತು. ಕೂಸಿನ ಕೋಣೆಯ ಕಪಾಟಿನ ಮೇಲೆ ಬಿಳಿ ಮೊಟ್ಟೆಯಂಥದೊಂದು ಕ್ಯಾಮೆರಾ ಕೂತಿತು. ಅದಕ್ಕೆ ಒಂದೇ ಕರಿ ಕಣ್ಣು. ಗದಿಗೆಮ್ಮ ಅದಕ್ಕೆ ಒಕ್ಕಣ್ಣಿ ಎಂದು ಹೆಸರಿಟ್ಟಳು.

"ಅಕ್ಕಾರ, ಈ ಒಕ್ಕಣ್ಣಿ ಕಣ್ಣ ಪಿಳಕಸಂಗಿಲ್ಲ ನೋಡ್ರಿ" ಎಂದು ನನ್ನ ಹತ್ತಿರ ಬಂದು ಪಿಸುಗುಟ್ಟುತ್ತಿದ್ದಳು. ಮನುಷ್ಯರಾದರೆ ಆಚೆ ಹೋಗಿ ಎನ್ನಬಹುದು. ಇದಕ್ಕೆ ಏನನ್ನುವುದು?

ಸಂಯುಕ್ತಾ ಕೆಟ್ಟವಳು ಎಂದು ತಿಳಿಯಬೇಡಿ. ಆಫೀಸಿನಲ್ಲಿ ಅವಳು ಕೂರುವ ಅಂತಸ್ತಿಗೆ ಫೋನು ಒಯ್ಯುವ ಹಾಗಿಲ್ಲ. ಹೊರಗೆ ಲಾಕರಿನಲ್ಲಿ ಇಡಬೇಕು. ಚಹಾ ಕುಡಿಯಲು ಬಂದಾಗ ಫೋನು ತೆಗೆದು ಮಲಗಿದ ಕೂಸನ್ನು ನೋಡುತ್ತಾಳಂತೆ. "ನೋಡಿದ ಕೂಡಲೇ ಎದಿ ಹಾಲು ಸೋರತಾವ್ರಿ ಆಂಟಿ, ಬಾತ್‌ರೂಮಿಗೆ ಓಡತೀನಿ" ಎಂದು ಒಮ್ಮೆ ಹೇಳಿ ಅತ್ತಿದ್ದಳು. ಆ ಕ್ಯಾಮೆರಾ ಅವಳ ಪಾಲಿಗೆ ಕರುಳು. ಅದಕ್ಕೇ ಗದಿಗೆಮ್ಮನಿಗೆ ಅವಳು ಹೇಳಿದ್ದು ಒಂದೇ ಮಾತು: "ಆಯಿ, ಇದನ್ನ ಮಾತ್ರ ಮುಚ್ಚಬ್ಯಾಡ." ಏಕೆ ಎಂದು ಹೇಳಲಿಲ್ಲ. ಗದಿಗೆಮ್ಮನೂ ಕೇಳಲಿಲ್ಲ. ಬಚ್ಚಲ ಮುಂದಿನ ಇಕ್ಕಟ್ಟು ಜಾಗದಲ್ಲಿ, ಒಕ್ಕಣ್ಣಿಗೆ ಕಾಣದ ಹಾಗೆ, ಎಣ್ಣೆ ಹಚ್ಚಿ ಎರೆದು ಅರಿವೆ ಸುತ್ತಿಕೊಂಡೇ ಕೋಣೆಗೆ ತರುತ್ತಿದ್ದಳು. ಹೇಗೋ ಸಾಗಿತ್ತು.

ಆ ದಿನ ಜಡಿಮಳೆ. ಸೂರಜ್ ಪುಣೆಗೆ ವಿಮಾನ ಹತ್ತಿದ್ದ. ಬೆಳಗಿನಿಂದ ಚಿನ್ನಿಯ ಮೈ ಬೆಚ್ಚಗಿತ್ತು. ಸಂಯುಕ್ತಾ ಔಷಧಿ ಹಾಕಿ, ಸಂಜೆ ಬೇಗ ಬರುತ್ತೇನೆಂದು ಹೇಳಿ ಹೋದಳು. ಹೊತ್ತೇರಿದಂತೆ ಜ್ವರವೂ ಏರಿತು. ಎರೆಯುವ ಮಾತಿರಲಿಲ್ಲ, ಬೆಚ್ಚನೆ ನೀರಿನಲ್ಲಿ ಅರಿವೆ ಅದ್ದಿ ಮೈ ಒರೆಸೋಣವೆಂದು ಗದಿಗೆಮ್ಮ ಅಂದುಕೊಂಡಳು. ಬಚ್ಚಲ ಮುಂದೆ ತಣ್ಣನೆ ಗಾಳಿ. ಹಾಗಾಗಿ ಕೋಣೆಯಲ್ಲೇ ಚಾಪೆ ಹಾಸಿ ಕೂಸಿನ ಅಂಗಿ ಬಿಚ್ಚಿದಳು. ತಲೆ ಎತ್ತಿದರೆ ಒಕ್ಕಣ್ಣಿ. ಜಡ್ಡಾದ ಕೂಸು, ಅದರ ಮೇಲೆ ಬರಿಮೈ. ಅವಳ ಜೀವ ತಡೆಯಲಿಲ್ಲ. ಎದ್ದು ಕ್ಯಾಮೆರಾದ ಮೇಲೆ ಟವೆಲ್ ಹೊದಿಸಿಬಿಟ್ಟಳು.

ಮುಂಬಾಗಿಲು ಟಿಕ್ ಎಂದಿತು.

ಆಮೇಲೆ ಸೂರಜ್ ನನಗೆ ಬಿಡಿಸಿ ಹೇಳಿದ. ಕ್ಯಾಮೆರಾ ಯಾರಾದರೂ ಮುಚ್ಚಿದರೆ ಕೂಸನ್ನು ಕದಿಯಲು ಬಂದಿದ್ದಾರೆಂದು ಕಂಪ್ಯೂಟರು ತಿಳಿಯುತ್ತದೆ. ಕೂಡಲೇ ಬಾಗಿಲಿಗೆ ಒಳಗಿನಿಂದಲೂ ತೆಗೆಯಲಾಗದ ಬೀಗ ಬೀಳುತ್ತದೆ. ತಾಯಿಯೋ ತಂದೆಯೋ ಫೋನಿನಿಂದ ಒಪ್ಪಿಗೆ ಕೊಡುವವರೆಗೆ ಅದು ತೆರೆಯುವುದಿಲ್ಲ. ಕೆಳಗೆ ಸೆಕ್ಯುರಿಟಿ ಕೋಣೆಯಲ್ಲಿ ಗಂಟೆಯೂ ಬಾರಿಸುತ್ತದೆ. ಕೂಸಿನ ರಕ್ಷಣೆಗೆ! ಬೇಲಿಯೇ ಎದ್ದು ಹೊಲ ಮೇಯುವುದು ಅಂದರೆ ಇದೇ.

ಗಂಟೆ ಕೇಳಿ ಗಾರ್ಡ್ ಹುಸೇನಪ್ಪ ಮೇಲೆ ಬಂದ. ಅವನು ಲಿಂಗಸುಗೂರಿನ ಕಡೆಯವನು. ಮಾಲೀಕರಿಗೆ ಫೋನು ಹಚ್ಚಿದರೆ ಒಬ್ಬರದು ವಿಮಾನದಲ್ಲಿ ಬಂದ್, ಇನ್ನೊಬ್ಬರದು ಲಾಕರಿನಲ್ಲಿ ಮೂಕ. ಅವನು ಬಾಗಿಲ ಮುಂದೆ ಸುಮ್ಮನೆ ನಿಂತಿದ್ದ. ನಾನು ಏನೆಂದು ಕೇಳಲು ಹೊರಬಂದಾಗಲೇ ಒಳಗಿನಿಂದ ಆ ಕೂಗು ಬಂತು.

"ಅಕ್ಕಾರ! ಸುಮತಿ ಅಕ್ಕಾರ! ಕೂಸು ಸೆಟಗೊಂಡೈತ್ರೀ! ಕಣ್ಣು ಮ್ಯಾಲ ಮಾಡೈತ್ರೀ!"

ನಾನು ಬಾಗಿಲು ಬಡಿದು ಕೂಗಿದೆ. "ಬಾಗಿಲು ತಗೀ!"

"ಬರವಲ್ದ್ರೀ! ಜಗ್ಗಿ ಜಗ್ಗಿ ಸಾಕಾತು, ಬರವಲ್ದು!"

"ಟಾವೆಲ್ ತಗದೀ ಏನವ್ವಾ?" ಎಂದು ಹುಸೇನಪ್ಪ ಕೂಗಿದ. ಗಂಟೆ ಏಕೆ ಬಾರಿಸಿತೆಂದು ಅವನಿಗೆ ಗೊತ್ತಿತ್ತು.

"ಆಗೇ ಒಗದೀನೋ ಯಪ್ಪಾ!"

ಟವೆಲ್ ತೆಗೆದರೂ ಬಾಗಿಲು ತೆರೆಯಲಿಲ್ಲ. ಅದಕ್ಕೆ ಒಪ್ಪಿಗೆ ಬೇಕು. ನಾನು ಸಂಯುಕ್ತಾಳ ಆಫೀಸಿಗೆ ಫೋನು ಮಾಡಿದೆ. ಇಂಗ್ಲಿಷಿನಲ್ಲಿ ಒಂದು ಹೆಣ್ಣು ಧ್ವನಿ, ಅದಕ್ಕಾದರೆ ಒಂದು ಒತ್ತಿ, ಇದಕ್ಕಾದರೆ ಎರಡು ಒತ್ತಿ ಎಂದು ಜೇನು ಸುರಿಸಿತು. ಸಾಯುತ್ತಿರುವ ಕೂಸಿಗೆ ಯಾವುದನ್ನು ಒತ್ತಬೇಕೆಂದು ಹೇಳಲಿಲ್ಲ. ಎಲ್ಲವನ್ನೂ ಒತ್ತಿದೆ. ಸಂಗೀತ ಬಂತು. ಫೋನನ್ನು ಹಿಂದೆಯೇ ಬಂದಿದ್ದ ನಮ್ಮವರ ಕೈಗೆ ತುರುಕಿ ಬಾಗಿಲಿಗೆ ಕಿವಿ ಹಚ್ಚಿದೆ.

ಒಳಗೆ ಗದಿಗೆಮ್ಮ ತಾನೇ ತನಗೆ ಹೇಳಿಕೊಳ್ಳುತ್ತಿದ್ದಳು. "ಮಗ್ಗಲಿಗೆ ಮಲಗಿಸೀನಿ... ಜೊಲ್ಲ ಒರಸೀನಿ... ಉಳ್ಳಾಗಡ್ಡಿ ಒಡದು ಮೂಗಿಗೆ ಹಿಡದೀನಿ... ಚಿನ್ನೀ, ನಮ್ಮವ್ವಾ, ಉಸರ ತೊಗೋ... ತುಟಿ ನೀಲಿ ಆಗ್ಯಾವ್ರೀ ಅಕ್ಕಾರ..." ನಡುನಡುವೆ ಕ್ಯಾಮೆರಾದ ಕಡೆ ತಿರುಗಿ ಕೂಗುತ್ತಿದ್ದಳು: "ತಾಯೀ, ಸಂಯುಕ್ತಮ್ಮಾ, ನೋಡಾಕತ್ತೀಯೇನ? ನೋಡವಾ! ಬಾಗಿಲ ತಗಿಯವಾ! ನನ್ನ ಜೈಲಿಗೆ ಹಾಕು, ಕೂಸಿನ್ನ ಬಿಡು!"

ಅಂಥ ಅಸಹಾಯಕತೆಯನ್ನು ನಾನು ಜನ್ಮದಲ್ಲಿ ಕಂಡಿಲ್ಲ. ಒಂದು ಮರದ ಹಲಗೆಯ ಆಚೆ ಕೂಸು, ಈಚೆ ನಾನು. ಬಾಗಿಲು ಗುದ್ದಿ ಗುದ್ದಿ ಬಳೆ ಒಡೆದು ಕೈಯಲ್ಲಿ ರಕ್ತ ಬಂತು.

ಹುಸೇನಪ್ಪ ಮೊದಲು "ಒಡದ್ರ ನನ್ನ ನೌಕರಿ ಹೋಗ್ತೈತ್ರಿ" ಎಂದಿದ್ದವನು, ತುಟಿ ನೀಲಿಯಾದ ಮಾತು ಕೇಳಿದೊಡನೆ ಕೆಳಗೆ ಓಡಿ, ಮೋರಿಯ ಮುಚ್ಚಳ ಎತ್ತುವ ಹಾರೆ ತಂದ. ಬೀಗದ ಬುಡಕ್ಕೆ ಹೊಡೆಯತೊಡಗಿದ. ಬಾಗಿಲು ತೆರೆಯಿತು. ಅವನ ಹೊಡೆತಕ್ಕೋ, ಅದೇ ಹೊತ್ತಿಗೆ ಸಂಯುಕ್ತಾ ಚಹಾಕ್ಕೆ ಬಂದು ಫೋನು ನೋಡಿ ಒಪ್ಪಿಗೆ ಒತ್ತಿದ್ದಕ್ಕೋ, ಇವತ್ತಿಗೂ ಗೊತ್ತಿಲ್ಲ.

ನಮ್ಮವರು ಬಾಡಿಗೆ ಕಾರಿಗಾಗಿ ಫೋನು ಒತ್ತಿದ್ದರು. ನಕಾಶೆಯಲ್ಲಿ ಆ ಪುಟ್ಟ ಕಾರು ಫ್ಲೈಓವರಿನ ಕೆಳಗೆ ಗಾಣದೆತ್ತಿನಂತೆ ಸುತ್ತುತ್ತಲೇ ಇತ್ತು. ನಾವು ಮಳೆಯಲ್ಲಿ ರಸ್ತೆಗೆ ಓಡಿ ಸಿಕ್ಕ ಆಟೋ ಹತ್ತಿದೆವು. ಗದಿಗೆಮ್ಮನ ತೊಡೆಯ ಮೇಲೆ ಚಿನ್ನಿ ಜೋತುಬಿದ್ದಿತ್ತು. ಸೆಟೆತ ನಿಂತಿತ್ತು, ಕಣ್ಣು ತೆರೆದಿರಲಿಲ್ಲ. ಆಸ್ಪತ್ರೆ, ಮುಂದಿನ ಚೌಕದಾಚೆಯೇ ಕಾಣುತ್ತಿತ್ತು. ಚೌಕದಲ್ಲಿ ಕೆಂಪು ದೀಪ, ಅದರ ಪಕ್ಕ ಇಳಿಯುತ್ತಿರುವ ಅಂಕಿಗಳು. ಅಡ್ಡರಸ್ತೆಯಲ್ಲಿ ನಾಯಿಯೂ ಇರಲಿಲ್ಲ.

"ನಡೀ ಭೈಯಾ, ನಡೀ!" ಎಂದೆ.

ಆಟೋದವನು ಕಂಬದ ತುದಿಗೆ ಬೆರಳು ತೋರಿಸಿದ. "ಕ್ಯಾಮ್ರಾ ಹೈ ಅಮ್ಮಾ. ಘರ್ಕು ಚಲಾನ್ ಆತಾ." ದಂಡದ ಚೀಟಿ ಮನೆಗೇ ಬರುತ್ತದಂತೆ.

ಗದಿಗೆಮ್ಮ ತಲೆ ಎತ್ತಿ ನೋಡಿದಳು. ಅಲ್ಲಿಯೂ ಒಂದು ಒಕ್ಕಣ್ಣಿ. ಅವಳು ಸರಕ್ಕನೆ ಸೆರಗೆಳೆದು ಕೂಸಿನ ಮುಖ ಮುಚ್ಚಿದಳು. ನಾನು ಆಟೋದವನಿಗೆ ಬಾಯಿಗೆ ಬಂದದ್ದೆಲ್ಲ ಬೈದೆ. ಅವನು ಪಾಪ, ತಲೆ ತಗ್ಗಿಸಿ ಅಂಕಿ ಇಳಿಯುವುದನ್ನೇ ಕಾದ.

ಕೂಸು ಉಳಿಯಿತು. ಜ್ವರ ನೆತ್ತಿಗೇರಿ ಬಂದ ಫಿಟ್ಸು, ಇಂಥ ಕೂಸುಗಳಿಗೆ ಬರುವುದುಂಟು, ಇನ್ನೂ ತಡವಾಗಿದ್ದರೆ ಕಷ್ಟವಿತ್ತು ಎಂದರು ಡಾಕ್ಟರು. ಅಷ್ಟರಲ್ಲಿ ಸಂಯುಕ್ತಾ ಓಡಿಬಂದಳು. ಕೂಸನ್ನು ತಬ್ಬಿಕೊಂಡು ಗದಿಗೆಮ್ಮನ ಕಡೆ ತಿರುಗಿ ಕೇಳಿದ ಮೊದಲ ಮಾತು: "ಕ್ಯಾಮೆರಾ ಯಾಕ ಮುಚ್ಚಿದಿ?"

"ದೃಷ್ಟಿ ಆಗ್ತೈತಂತ, ಅವ್ವಾ."

"ಯಾರ ದೃಷ್ಟಿ? ನೋಡಾಕಿ ನಾನಲ್ಲೇನ? ಹಡದಾಕಿ ದೃಷ್ಟಿ ಏನ?"

ಗದಿಗೆಮ್ಮ ಒದ್ದೆ ಸೀರೆಯಲ್ಲೇ ಆಸ್ಪತ್ರೆಯ ಮೆಟ್ಟಿಲಿಳಿದು ಹೋದಳು.

ಮರುದಿನ ಬೆಳಿಗ್ಗೆ ಅವಳು ನಮ್ಮ ಗೇಟಿಗೆ ಬಂದಾಗ ಯಂತ್ರ ಮುಖ ನೋಡಿ ಕೆಂಪು ತೋರಿಸಿತು. ಅವಳು ಎರೆಯಲು ಹೋಗುತ್ತಿದ್ದ ಬೇರೆ ಟವರುಗಳಲ್ಲೂ ಅದೇ ಗೇಟು, ಅದೇ ಕಂಪ್ಯೂಟರು. ಒಂದರಲ್ಲಿ ಕೆಟ್ಟವಳಾದರೆ ಎಲ್ಲದರಲ್ಲೂ ಕೆಟ್ಟವಳು. ಎಲ್ಲೋ ಒಂದು ಕೂಸು ಎಣ್ಣೆಗಾಗಿ ಕಾದು ಅಳುತ್ತಿರುವಾಗ ಇವಳು ಮಳೆಯಲ್ಲಿ ಗೇಟಿನಿಂದ ಗೇಟಿಗೆ ಅಲೆದಳು. ಹುಸೇನಪ್ಪನನ್ನು ಊರಾಚೆಯ ಯಾವುದೋ ಗೋಡೌನಿಗೆ ಕಳಿಸಿದರು. ನಾನು ಟವರಿನ ಆಫೀಸಿಗೆ ಹೋಗಿ ರಂಪ ಮಾಡಿದೆ. "ಮೇಡಂ, ನಾವು ಬ್ಲಾಕ್ ಮಾಡಿಲ್ಲ, ಸಿಸ್ಟಮ್ ಮಾಡಿದೆ" ಎಂದರು. ಸಿಸ್ಟಮ್ಮಿನ ಮನೆ ಎಲ್ಲಿ ಹೇಳಿ, ಅಲ್ಲಿಗೇ ಹೋಗುತ್ತೇನೆ ಎಂದೆ. ನಕ್ಕರು.

ಸಂಯುಕ್ತಾ ಕೊನೆಗೊಂದು ದಿನ ಆ ಹೊತ್ತಿನ ರೆಕಾರ್ಡನ್ನು ಕೇಳಿದಳು. ಮೊದಲ ಭಾಗದಲ್ಲಿ ಚಿತ್ರವೆಲ್ಲ ಕತ್ತಲೆ, ಧ್ವನಿ ಮಾತ್ರ. ತನ್ನ ಹೆಸರು ಹಿಡಿದು ಗದಿಗೆಮ್ಮ ಕೂಗಿದ್ದನ್ನು ಕೇಳಿ, ಚಿನ್ನಿಯನ್ನು ಎತ್ತಿಕೊಂಡು ನಮ್ಮ ಮನೆಗೆ ಬಂದು ಕೂತು ಬಿಕ್ಕಿ ಬಿಕ್ಕಿ ಅತ್ತಳು. ಆಮೇಲೆ ಅವಳೇ ಮೇಲಿನವರಿಗೆಲ್ಲ ಬರೆದು, ಫೋನು ಮಾಡಿ, ಕಾಡಿ, ಬ್ಲಾಕ್ ತೆಗೆಸಿದಳು. ಕ್ಯಾಮೆರಾವನ್ನು ಕಿತ್ತಿಟ್ಟಳು. ಈ ಸುದ್ದಿ ಹೇಳಲು ನಾನೇ ಹೊರಟೆ. ಬಾಯಿ ಸಿಹಿ ಮಾಡೋಣವೆಂದು ಪೇಢೆ ಕಟ್ಟಿಸಿಕೊಂಡಿದ್ದೆ.

ಬೋರಬಂಡದ ಸಂದಿಯಲ್ಲಿ ಅವಳ ಕೋಣೆ. ಒಲೆಯ ಮೇಲೆ ನೀರು ಕಾಯುತ್ತಿತ್ತು. ಮಗಳು ಭಾಗ್ಯಶ್ರೀ ಹಡೆದು ಕೆಲವೇ ದಿನಗಳಾಗಿದ್ದವು; ಮಡಿಲಲ್ಲಿ ಗಂಡು ಕೂಸು ಕಿರುಚುತ್ತಿತ್ತು. ಗದಿಗೆಮ್ಮ ಒಂದು ಮೂಲೆಯಲ್ಲಿ ಕೂತಿದ್ದಳು. ಮನೆ ತುಂಬ ಸಂಭ್ರಮ ಇರಬೇಕಾದ ಹೊತ್ತಿನಲ್ಲಿ ಮಸಣದಿಂದ ಬಂದವಳಂತಿದ್ದಳು.

"ಬ್ಲಾಕ್ ತಗದಾರ ಗದಿಗೆಮ್ಮ. ನಾಳಿಂದ ಯಾವ ಗೇಟಿಗರ ಹೋಗು. ಸಂಯುಕ್ತಾ ನಿನ್ನ ದಾರಿ ನೋಡಾಕತ್ತಾಳ" ಎಂದೆ.

"ಛಲೋ ಆತ್ರಿ. ಚಿನ್ನಿ ಹೆಂಗದಾಳ?"

"ನಗತಾಳ. ಬೋರಲ ಬೀಳತಾಳ."

ಅವಳ ಕಣ್ಣಲ್ಲಿ ನೀರು ಬಂತು. "ನಾ ಬರಂಗಿಲ್ರಿ ಅಕ್ಕಾರ. ನಮ್ಮ ಅಜ್ಜಿ ಹೇಳತಿದ್ಲು, ಯಾರ ಕೈಯಾಗ ಕೂಸು ನೀಲಿ ಆಗ್ತೈತೋ ಆ ಕೈ ಮತ್ತ ಎಣ್ಣಿ ಮುಟ್ಟಬಾರದಂತ."

"ಅದು ಜ್ವರಕ್ಕ ಬಂದದ್ದು. ಡಾಕ್ಟರೇ ಹೇಳ್ಯಾರ."

"ಅವರಿಗೇನ ಗೊತ್ರಿ? ತಪ್ಪು ನಂದು. ಮೊದಲ ಅಂಗಿ ಬಿಚ್ಚಿದೆ, ಆಮ್ಯಾಲ ಟಾವೆಲ್ ಮುಚ್ಚಿದೆ. ಅಷ್ಟರಾಗ ಅದು ನೋಡಿಬಿಟ್ಟಿತ್ತು. ಮೊದಲ ಮುಚ್ಚಬೇಕಾಗಿತ್ರಿ."

ಊರೆಲ್ಲ ಅವಳನ್ನು ಬೈದದ್ದು ಮುಚ್ಚಿದ್ದಕ್ಕೆ. ಅವಳು ತನ್ನನ್ನು ಬೈದುಕೊಳ್ಳುತ್ತಿದ್ದದ್ದು ತಡವಾಗಿ ಮುಚ್ಚಿದ್ದಕ್ಕೆ. ನನಗೆ ಸಿಟ್ಟು ನೆತ್ತಿಗೇರಿತು. "ಆ ಹಾಳ ಕಂಪ್ಯೂಟರೇ ನಿನ್ನ ಬಿಟ್ಟೈತಿ, ನೀ ಯಾಕ ನಿನ್ನ ಬಿಡವಲ್ಲಿ?" ಎಂದು ಕಿರುಚಿದೆ.

"ಹುಟ್ಟಿದಾಗಿಂದ ಅವ್ವ ಇವನ್ನ ಮುಟ್ಟೇ ಇಲ್ರಿ" ಎಂದಳು ಭಾಗ್ಯಶ್ರೀ. "ದಿನಾ ಬಾಜೂ ಮನಿಯಾಕಿ ಎರೀತಿದ್ಲು, ಇವತ್ತ ಆಕಿ ಕೆಲಸಕ್ಕ ಹೋಗ್ಯಾಳ. ಅವ್ವಾ, ನಿನ್ನ ಕಾಲ ಬೀಳತೀನಿ, ಒಂದ ತಂಬಿಗಿ ನೀರ ಹಾಕ." ಗದಿಗೆಮ್ಮ ಎರಡೂ ಕೈಗಳನ್ನು ಸೆರಗಿನೊಳಗೆ ಅಡಗಿಸಿಕೊಂಡಳು.

ಪೇಢೆಯ ಪೊಟ್ಟಣ ಬದಿಗಿಟ್ಟು ನಾನೇ ಮಣೆಯ ಮೇಲೆ ಕೂತೆ. ನನ್ನ ಮಕ್ಕಳಿಗೂ ನಾನು ಎರೆದವಳಲ್ಲ, ನಮ್ಮ ತಾಯಿ ಎರೆದರು. ಮಂಡಿ ನೋವಿನ ಕಾಲು ನೀಡಿ ಆ ಹಸಿಗೂಸನ್ನು ಬೋರಲು ಹಾಕಿಕೊಂಡೆ. ಗದಿಗೆಮ್ಮ ತನ್ನ ಕಣ್ಣೂ ಬೀಳಬಾರದೆಂದು ಗೋಡೆಯ ಕಡೆ ಮುಖ ತಿರುಗಿಸಿ ಕೂತಳು.

"ನೀರು ಮೊಳಕೈಗೆ ಹಾಕ್ಕೊಂಡ ನೋಡ್ರಿ" ಎಂದಳು ಅಲ್ಲಿಂದಲೇ. "ಎಣ್ಣಿ ನೆತ್ತಿಗೆ ಮೊದಲ. ಹೌದ್ರಿ... ಬೆನ್ನಿಗೆ ಮೆತ್ತಗ." ಕೂಸು ಎಣ್ಣೆಗೆ ಜಾರಿ ಚೀರಿತು. "ಕುತ್ತಿಗಿ! ಅಕ್ಕಾರ, ಕುತ್ತಿಗಿ ಹಿಡೀರಿ!"

ನಾನು ಕುತ್ತಿಗೆ ಹಿಡಿದೆ. ನೀರು ಹಾಕುತ್ತ ಅವಳ ಕಡೆ ನೋಡಿದೆ. ಅವಳು ತಿರುಗಿರಲಿಲ್ಲ. ಗೋಡೆಯ ಮುಂದೆ ಅವಳ ಎರಡೂ ಕೈ ಸೆರಗಿನಿಂದ ಹೊರಬಂದು, ಬರಿ ಗಾಳಿಯಲ್ಲಿ ಕೂಸಿನ ತಲೆಯನ್ನು ಹಿಡಿದುಕೊಂಡಿದ್ದವು.